ಕಾಲುಳುಕು: ಹರಡಿನ ನೋವಿನ ಕಾರಣಗಳೂ ಆರೈಕೆಯೂ

ಜೋಡಿ ಎತ್ತುಗಳಲ್ಲಿ ಒಂದು ಕುಂಟಿತೆಂದರೆ ಒಕ್ಕಲಿಗನು ಆ ಕ್ಷಣವೇ ನೊಗವನ್ನಿಳಿಸುತ್ತಾನೆ. ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೋ, ಮುಳ್ಳು ನೆಟ್ಟಿದೆಯೋ, ಕೀಲು ಬಾತಿದೆಯೋ ಎಂದು ಕೈಯಾಡಿಸಿ ನೋಡುತ್ತಾನೆ. ಕುಂಟುವ ಎತ್ತನ್ನು ಹೂಡಿದರೆ ನಾಲ್ಕು ದಿನದ ಕೆಲಸಕ್ಕಾಗಿ ಎತ್ತನ್ನೇ ಕಳೆದುಕೊಳ್ಳಬೇಕಾದೀತೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ತನ್ನ ಕಾಲೇ ಉಳುಕಿದಾಗ ಅವನು ಈ ವಿವೇಕವನ್ನು ಮರೆಯುವುದುಂಟು. ಹದ ತಪ್ಪೀತೆಂಬ ಅವಸರದಲ್ಲಿ ಬಾತ ಕಾಲಿಗೆ ಒಂದು ಹಳೆಯ ಬಟ್ಟೆಯನ್ನು ಸುತ್ತಿಕೊಂಡು ಮರುದಿನವೇ ಗದ್ದೆಗಿಳಿಯುತ್ತಾನೆ. ಇಲ್ಲವೇ ಯಾರಿಂದಲೋ ಬಲವಾಗಿ ನೀವಿಸಿಕೊಂಡು ಬಾವನ್ನು ಇಮ್ಮಡಿ ಮಾಡಿಕೊಳ್ಳುತ್ತಾನೆ. ಇದರ ಫಲವಾಗಿ ಮೂರು ವಾರಗಳಲ್ಲಿ ಗುಣವಾಗಬೇಕಾದ ನೋವು ಮೂರು ವರ್ಷ ಉಳಿಯುವುದುಂಟು; ಕೆಲವರಿಗೆ ಜೀವಮಾನವೆಲ್ಲ ಉಳಿಯುವುದುಂಟು.

ಕೃಷಿಯು ಬಹುಮಟ್ಟಿಗೆ ಕಾಲಿನ ಮೇಲೆ ನಿಂತಿರುವ ಉದ್ಯೋಗ. ಉಳುವುದು, ನಾಟಿ ಮಾಡುವುದು, ಕಳೆ ಕೀಳುವುದು, ಹೊರೆ ಹೊರುವುದು, ಮರವೇರುವುದು, ಇವುಗಳಲ್ಲಿ ಯಾವುದೂ ಗಟ್ಟಿಯಾದ ಹರಡಿಲ್ಲದೆ ಸಾಗತಕ್ಕದ್ದಲ್ಲ. ಟ್ರಾಕ್ಟರಿನ ಮೇಲೆ ಕುಳಿತವನಿಗೂ ಕ್ಲಚ್ಚು ಬ್ರೇಕುಗಳನ್ನು ಒತ್ತಲು ಈ ಕೀಲೇ ಬೇಕು. ಆದ್ದರಿಂದ ಹರಡಿನ ರಚನೆಯೇನು, ಅದು ಏಕೆ ಉಳುಕುತ್ತದೆ, ಉಳುಕಿದಾಗ ಮನೆಯಲ್ಲಿ ಮಾಡತಕ್ಕದ್ದೇನು, ಯಾವಾಗ ಆಸ್ಪತ್ರೆಗೆ ಹೋಗತಕ್ಕದ್ದು ಎಂಬ ವಿಷಯಗಳನ್ನು ರೈತ ಕುಟುಂಬಗಳವರೆಲ್ಲರೂ ತಿಳಿದಿರುವುದು ಅವಶ್ಯಕ.

ಹರಡಿನ ರಚನೆ

ಮೊಣಕಾಲಿನಿಂದ ಕೆಳಕ್ಕೆ ಎರಡು ಎಲುಬುಗಳು ಇಳಿದು ಬರುತ್ತವೆ. ಒಳಬದಿಯದು ದಪ್ಪ, ಹೊರಬದಿಯದು ತೆಳು. ಇವೆರಡರ ತುದಿಗಳೇ ಹರಡಿನ ಎರಡು ಪಕ್ಕಗಳಲ್ಲಿ ಗಂಟುಗಳಂತೆ ಕೈಗೆ ಸಿಕ್ಕುತ್ತವೆ. ಹೊರಗಂಟು ಒಳಗಂಟಿಗಿಂತ ಸ್ವಲ್ಪ ಕೆಳಗಿರುವುದನ್ನು ಯಾರಾದರೂ ಮುಟ್ಟಿ ತಿಳಿಯಬಹುದು. ಈ ಎರಡು ತುದಿಗಳ ನಡುವೆ, ಬಡಗಿಯು ಮಾಡಿದ ಕಚ್ಚಿನಲ್ಲಿ ಮರದ ತುಂಡು ಕುಳಿತಂತೆ, ಪಾದದ ಮೇಲಣ ಎಲುಬೊಂದು ಕುಳಿತಿದೆ. ಇದನ್ನು ವೈದ್ಯರು ಟೇಲಸ್ ಎಂದು ಕರೆಯುತ್ತಾರೆ. ದೇಹದ ಭಾರವೆಲ್ಲ ಈ ಒಂದು ಎಲುಬಿನ ಮೂಲಕವೇ ಪಾದಕ್ಕೆ ಇಳಿಯುತ್ತದೆ. ಆದರೂ ಯಾವ ಮಾಂಸಖಂಡವೂ ಇದಕ್ಕೆ ನೇರವಾಗಿ ಅಂಟಿಕೊಂಡಿಲ್ಲವೆಂಬುದು ಇದರ ಒಂದು ವಿಶೇಷ. ಇದನ್ನು ಅದರ ಸ್ಥಾನದಲ್ಲಿ ಹಿಡಿದಿರುವುದು ಎಲುಬನ್ನು ಎಲುಬಿಗೆ ಬಿಗಿಯುವ ಕಟ್ಟುನಾರುಗಳು. ಇವುಗಳಿಗೆ ಲಿಗಮೆಂಟುಗಳೆಂದು ಹೆಸರು.

ಒಳಬದಿಯ ಕಟ್ಟುನಾರು ಬೀಸಣಿಗೆಯಂತೆ ಅಗಲವಾಗಿಯೂ ಬಲವಾಗಿಯೂ ಇದೆ. ಹೊರಬದಿಯಲ್ಲಿ ಮುಂದೊಂದು, ನಡುವೆಯೊಂದು, ಹಿಂದೊಂದು ಹೀಗೆ ಮೂರು ಬೇರೆ ಬೇರೆ ನಾರುಗಳಿವೆ; ಇವು ಒಳಬದಿಯದರಷ್ಟು ಗಟ್ಟಿಯಲ್ಲ. ಅವುಗಳಲ್ಲಿಯೂ ಮುಂದಿನದು ಎಲ್ಲಕ್ಕಿಂತ ದುರ್ಬಲವಾದುದು. ಬಹುತೇಕ ಉಳುಕುಗಳಲ್ಲಿ ಪಾದವು ಒಳಕ್ಕೆ ಮಗುಚಿ ಹೊರಬದಿಯ ಈ ಮುಂದಿನ ನಾರೇ ಮೊದಲು ಹರಿಯುವುದಕ್ಕೆ ಕಾರಣವಿದು.

ಟೇಲಸ್ ಎಲುಬು ಮುಂದೆ ಅಗಲ, ಹಿಂದೆ ಸಪುರ. ಪಾದವನ್ನು ಮೇಲಕ್ಕೆತ್ತಿದಾಗ ಅಗಲವಾದ ಭಾಗವು ಕಚ್ಚಿನೊಳಗೆ ಬಿಗಿಯಾಗಿ ಕೂರುತ್ತದೆ. ಬೆರಳುಗಳು ಕೆಳಮುಖವಾದಾಗ ಸಪುರವಾದ ಭಾಗವು ಕಚ್ಚಿಗೆ ಬಂದು ಕೀಲು ಸಡಿಲವಾಗುತ್ತದೆ. ಬದುವಿನಿಂದ ಗದ್ದೆಗೆ ಧುಮುಕುವಾಗ, ಏಣಿಯ ಕೊನೆಯ ಮೆಟ್ಟಿಲಿಳಿಯುವಾಗ, ಗಾಡಿಯಿಂದ ಹಾರುವಾಗ ಮುಂಗಾಲೇ ಮೊದಲು ನೆಲಕ್ಕೆ ತಾಗುವುದರಿಂದ ಕೀಲು ತನ್ನ ಅತ್ಯಂತ ಸಡಿಲವಾದ ಸ್ಥಿತಿಯಲ್ಲಿಯೇ ಭಾರವನ್ನು ಹೊರಬೇಕಾಗುತ್ತದೆ. ಏರುವಾಗಿಗಿಂತ ಇಳಿಯುವಾಗ ಕಾಲು ಹೆಚ್ಚಾಗಿ ಉಳುಕುವುದರ ಮರ್ಮ ಇಲ್ಲಿದೆ.

ಈ ಕೀಲಿನ ಸೂಕ್ಷ್ಮತೆಯನ್ನು ಪೂರ್ವಿಕರೂ ಅರಿತಿದ್ದರು. ಸುಶ್ರುತಸಂಹಿತೆಯು ಎಣಿಸುವ ೧೦೭ ಮರ್ಮಸ್ಥಾನಗಳಲ್ಲಿ ಗುಲ್ಫ, ಎಂದರೆ ಹರಡೂ ಸೇರಿದೆ. ಪೆಟ್ಟು ಬಿದ್ದರೆ ಪ್ರಾಣಹಾನಿಯಾಗದಿದ್ದರೂ ವಿಶೇಷ ನೋವನ್ನುಂಟುಮಾಡುವ ಮರ್ಮಗಳ ವರ್ಗದಲ್ಲಿ ಅದನ್ನು ಇರಿಸಿ, ಅಲ್ಲಿ ಗಾಯವಾದರೆ ಪಾದ ಬಿಗಿಯುವುದೂ ಕುಂಟುತನವೂ ಒದಗಬಹುದೆಂದು ಆ ಗ್ರಂಥವು ಹೇಳಿದೆ.

ಹೊಲಗದ್ದೆಗಳಲ್ಲಿ ಕಾಲುಳುಕುವ ಸಂದರ್ಭಗಳು

ಉಳುಕು ದೊಡ್ಡ ಅಪಘಾತದಿಂದಲೇ ಆಗಬೇಕೆಂದಿಲ್ಲ. ಉತ್ತ ಹೊಲದಲ್ಲಿ ಒಣಗಿದ ಹೆಂಟೆಯ ಮೇಲೆ ಕಾಲಿಟ್ಟಾಗ, ಗದ್ದೆಯ ಬದುವಿನಲ್ಲಿ ಏಡಿ ಕೊರೆದ ಬಿಲ ಕುಸಿದಾಗ, ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಕಾಲಡಿಯನ್ನು ನೋಡಲಾಗದೆ ನಡೆಯುವಾಗ, ರಾತ್ರಿ ನೀರು ತಿರುಗಿಸಲು ಕತ್ತಲಲ್ಲಿ ಹೋಗುವಾಗ, ಹೀಗೆ ನಿತ್ಯದ ಕೆಲಸಗಳ ನಡುವೆಯೇ ಅದು ಸಂಭವಿಸುತ್ತದೆ. ಕೆಸರಿನಲ್ಲಿ ಹೂತ ಪಾದವು ಅಲ್ಲಿಯೇ ನಿಂತು ಮೈ ಮಾತ್ರ ಹೊರಳಿದರೆ ಕೀಲು ತಿರುಚುತ್ತದೆ.

ಆಯಾಸವೂ ಒಂದು ಮುಖ್ಯ ಕಾರಣ. ಮೊಳಕಾಲಿನ ಹೊರಬದಿಯಲ್ಲಿರುವ ಮಾಂಸಖಂಡಗಳು ಪಾದವು ಒಳಕ್ಕೆ ಮಗುಚುವಾಗ ಥಟ್ಟನೆ ಎಳೆದು ಅದನ್ನು ನೆಟ್ಟಗೆ ನಿಲ್ಲಿಸುತ್ತವೆ. ದಣಿದ ಮಾಂಸಖಂಡಗಳು ಈ ಕೆಲಸದಲ್ಲಿ ತಡಮಾಡುತ್ತವೆ. ಆ ಅರೆಕ್ಷಣದ ವಿಳಂಬವೇ ಸಾಕು, ನಾರು ಹರಿಯುವುದಕ್ಕೆ. ಹಿಂದೆ ಒಮ್ಮೆ ಉಳುಕಿ ಸರಿಯಾಗಿ ಗುಣವಾಗದ ಕಾಲು ಮತ್ತೆ ಉಳುಕುವ ಸಂಭವ ಎಲ್ಲಕ್ಕಿಂತ ಹೆಚ್ಚು.

ಉಳುಕಿನ ಮೂರು ತರಗಳು

ವೈದ್ಯರು ಉಳುಕನ್ನು ಮೂರು ತರವಾಗಿ ವಿಂಗಡಿಸುತ್ತಾರೆ. ಮೊದಲನೆಯದರಲ್ಲಿ ನಾರು ಜಗ್ಗಿರುತ್ತದೆಯೇ ಹೊರತು ಹೆಚ್ಚು ಹರಿದಿರುವುದಿಲ್ಲ. ಸ್ವಲ್ಪ ಬಾವು, ಸ್ವಲ್ಪ ನೋವು, ಕುಂಟುತ್ತಲಾದರೂ ನಡೆಯಬಹುದು. ಎರಡನೆಯದರಲ್ಲಿ ನಾರು ಅರ್ಧಂಬರ್ಧ ಹರಿದಿರುತ್ತದೆ, ಬಾವು ಬೇಗ ಏರಿ ಹೊರಗಂಟಿನ ಕೆಳಗೆ ಚರ್ಮವು ನೀಲಿಗಟ್ಟುತ್ತದೆ, ಕಾಲೂರಲು ಕಷ್ಟ. ಮೂರನೆಯದರಲ್ಲಿ ನಾರು ಪೂರ್ಣವಾಗಿ ಹರಿದು ಕೀಲು ಅಲುಗಾಡುತ್ತದೆ, ಕಾಲೂರುವುದೇ ಅಸಾಧ್ಯವಾಗಬಹುದು. ಮೊದಲನೆಯದು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿಯೂ, ಎರಡನೆಯದು ಮೂರರಿಂದ ಆರು ವಾರಗಳಲ್ಲಿಯೂ ಗುಣವಾಗುತ್ತದೆ. ಮೂರನೆಯದಕ್ಕೆ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ನೋವಿನ ಪ್ರಮಾಣದಿಂದಲೇ ತರವನ್ನು ನಿರ್ಣಯಿಸುವುದು ಸಲ್ಲದು. ಪೂರ್ತಿ ಹರಿದ ನಾರು ಕೆಲವೊಮ್ಮೆ ಅರೆ ಹರಿದುದಕ್ಕಿಂತ ಕಡಿಮೆ ನೋಯುವುದುಂಟು. ನೋವಿಲ್ಲವೆಂದು ಉದಾಸೀನ ಮಾಡಿ ಅಲುಗಾಡುವ ಕೀಲನ್ನು ದುಡಿಸಿದವನು ಮುಂದೆ ಪಶ್ಚಾತ್ತಾಪಪಡಬೇಕಾಗುತ್ತದೆ.

ಉಳುಕೋ ಮುರಿತವೋ

ಬಾತ ಹರಡನ್ನು ಕಂಡೊಡನೆ ಏಳುವ ಮೊದಲ ಪ್ರಶ್ನೆಯೇ ಇದು. ಬಾವಿನ ಗಾತ್ರದಿಂದ ಇದನ್ನು ತಿಳಿಯಲಾಗದು. ಪಾದದ ಬೆರಳುಗಳನ್ನು ಆಡಿಸಲು ಬಂದರೆ ಎಲುಬು ಮುರಿದಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ಬಹಳವಾಗಿದೆ, ಅದು ತಪ್ಪು. ಮುರಿದ ಹರಡಿನವನೂ ಬೆರಳುಗಳನ್ನು ಆಡಿಸಬಲ್ಲನು.

ಕೆನಡಾ ದೇಶದ ಒಟ್ಟಾವ ನಗರದ ವೈದ್ಯರು ೧೯೯೨ರಲ್ಲಿ ಈ ಪ್ರಶ್ನೆಗೆ ಸುಲಭವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಎಲ್ಲರಿಗೂ ಎಕ್ಸ್‌ರೇ ತೆಗೆಯುವ ಬದಲು ಯಾರಿಗೆ ಅದು ಅಗತ್ಯವೆಂದು ಕೈಯಿಂದ ಮುಟ್ಟಿ ನಿರ್ಣಯಿಸುವ ಕ್ರಮವಿದು. ಅನಂತರ ಅನೇಕ ದೇಶಗಳಲ್ಲಿ ಇದನ್ನು ಪರೀಕ್ಷಿಸಿ ಒಪ್ಪಿದ್ದಾರೆ. ಅದರ ಸಾರಾಂಶವೇನೆಂದರೆ:

೧. ಹೊರಗಂಟಿನ ತುದಿಯನ್ನಾಗಲಿ, ಅದರ ಹಿಂಬದಿಯ ಅಂಚಿನಲ್ಲಿ ತುದಿಯಿಂದ ಮೇಲಕ್ಕೆ ಆರು ಸೆಂಟಿಮೀಟರುಗಳವರೆಗೆ, ಎಂದರೆ ಮೂರು ನಾಲ್ಕು ಬೆರಳಗಲದಷ್ಟು ಎಲುಬನ್ನಾಗಲಿ ಒತ್ತಿದರೆ ನೋವಾಗುವುದು.

೨. ಒಳಗಂಟಿನಲ್ಲಿಯೂ ಹಾಗೆಯೇ ಎಲುಬಿನ ಮೇಲೆಯೇ ನೋವಾಗುವುದು.

೩. ಪಾದದ ಹೊರಅಂಚಿನ ನಡುವೆ ಕಿರುಬೆರಳಿನ ನೇರಕ್ಕೆ ಉಬ್ಬಿರುವ ಎಲುಬಿನಲ್ಲಿಯೋ, ಒಳಗಂಟಿನ ಮುಂದೆ ಪಾದದ ಒಳಅಂಚಿನಲ್ಲಿ ಉಬ್ಬಿರುವ ಎಲುಬಿನಲ್ಲಿಯೋ ಒತ್ತಿದರೆ ನೋವಾಗುವುದು.

೪. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ನಡೆಯಲಾಗದೆ, ಆಸ್ಪತ್ರೆಯಲ್ಲಿ ಪರೀಕ್ಷಿಸುವಾಗಲೂ ನಡೆಯಲಾಗದಿರುವುದು. ಕುಂಟುತ್ತ ನಡೆದರೂ ಅದು ನಡೆದಂತೆಯೇ ಲೆಕ್ಕ.

ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಎಕ್ಸ್‌ರೇ ತೆಗೆಸತಕ್ಕದ್ದು. ಒಂದೂ ಇಲ್ಲದಿದ್ದರೆ ಎಲುಬು ಮುರಿದಿರುವ ಸಂಭವ ಬಹಳ ಕಡಿಮೆ. ಚಿಕ್ಕ ಮಕ್ಕಳು, ಮದ್ಯಪಾನ ಮಾಡಿದವರು, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಇವರ ವಿಷಯದಲ್ಲಿ ಈ ಪರೀಕ್ಷೆಯನ್ನು ನೆಚ್ಚತಕ್ಕದ್ದಲ್ಲ; ಅವರನ್ನು ವೈದ್ಯರಿಗೆ ತೋರಿಸುವುದೇ ಲೇಸು. ಪಾದವು ಸೊಟ್ಟಗೆ ತಿರುಗಿದ್ದರೆ, ಚರ್ಮ ಹರಿದು ಎಲುಬು ಕಾಣುತ್ತಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಅಥವಾ ಜೋಮು ಹಿಡಿದಿದ್ದರೆ ಪರೀಕ್ಷೆಗಳಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಮೊದಲ ಮೂರು ದಿನಗಳ ಆರೈಕೆ

ಕಾಲು ಉಳುಕಿದ ಕೂಡಲೇ ಕೆಲಸವನ್ನು ನಿಲ್ಲಿಸುವುದೇ ಪ್ರಥಮ ಚಿಕಿತ್ಸೆ. ಇನ್ನೊಬ್ಬರ ಹೆಗಲನ್ನೋ ಊರುಗೋಲನ್ನೋ ಆಶ್ರಯಿಸಿ ಮನೆಗೆ ಬರತಕ್ಕದ್ದು. ಕಾಲುಂಗುರ, ಕಡಗ, ಗೆಜ್ಜೆ ಮೊದಲಾದುವುಗಳನ್ನು ಬಾವು ಏರುವುದಕ್ಕೆ ಮುಂಚೆಯೇ ತೆಗೆಯಬೇಕು. ಅನಂತರ ಅವುಗಳನ್ನು ಕತ್ತರಿಸಬೇಕಾದೀತು.

ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು ೧೯೭೮ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಎಂಬುವರು ಪ್ರಚಾರಕ್ಕೆ ತಂದರು. ಇವುಗಳಲ್ಲಿ ಒತ್ತುಪಟ್ಟಿಗೂ ಎತ್ತರಕ್ಕೂ ಇಂದಿಗೂ ಮನ್ನಣೆಯಿದೆ. ಮಂಜುಗಡ್ಡೆಯು ನೋವನ್ನು ಮರಗಟ್ಟಿಸುವುದು ನಿಜವಾದರೂ ಗುಣವಾಗುವುದನ್ನು ಶೀಘ್ರಗೊಳಿಸುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ದೀರ್ಘಕಾಲದ ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವನ್ನು ತಡಮಾಡಬಹುದೆಂದು ಮಿರ್ಕಿನ್ ಅವರೇ ೨೦೧೪ರಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಆದ್ದರಿಂದ ಮಂಜುಗಡ್ಡೆ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ ೧೫ ನಿಮಿಷಗಳಂತೆ ದಿನಕ್ಕೆ ನಾಲ್ಕಾರು ಬಾರಿ ಮೊದಲ ಎರಡು ದಿನ ಇಟ್ಟರೆ ಸಾಕು. ಬರಿಯ ಚರ್ಮಕ್ಕೆ ಅದನ್ನು ತಾಗಿಸಕೂಡದು. ಮಂಜುಗಡ್ಡೆಯಿಲ್ಲದ ಊರುಗಳಲ್ಲಿ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯು ನೋವನ್ನು ಸ್ವಲ್ಪ ಮಟ್ಟಿಗೆ ಶಮನಗೊಳಿಸುತ್ತದೆ.

ಒತ್ತುಪಟ್ಟಿಗೆ ಔಷಧದಂಗಡಿಯಲ್ಲಿ ಸಿಕ್ಕುವ ಕ್ರೇಪ್ ಪಟ್ಟಿಯು ಉತ್ತಮ. ಪಾದವನ್ನು ಮೊಳಕಾಲಿಗೆ ಮೂಲೆಗಟ್ಟಾಗಿ ನಿಲ್ಲಿಸಿ, ಬೆರಳುಗಳ ಬುಡದಿಂದ ಆರಂಭಿಸಿ, ಹಿಮ್ಮಡಿಯನ್ನೂ ಸೇರಿಸಿ, ಹರಡಿನ ಮೇಲಿನವರೆಗೆ ಸುತ್ತುತ್ತ ಬರಬೇಕು. ಕೆಳಗೆ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ, ಇದು ಕ್ರಮ. ಬೆರಳುಗಳ ತುದಿಗಳು ಹೊರಗೆ ಕಾಣುತ್ತಿರಬೇಕು. ಅವು ನೀಲಿಯಾದರೆ, ತಣ್ಣಗಾದರೆ ಅಥವಾ ಜೋಮು ಹಿಡಿದರೆ ಕೂಡಲೇ ಪಟ್ಟಿಯನ್ನು ಬಿಚ್ಚಿ ಸಡಿಲವಾಗಿ ಕಟ್ಟತಕ್ಕದ್ದು. ಮಲಗುವಾಗ ಪಟ್ಟಿಯನ್ನು ತೆಗೆದು, ಕಾಲಿನ ಕೆಳಗೆ ದಿಂಬುಗಳನ್ನೋ ಮಡಿಸಿದ ಕಂಬಳಿಯನ್ನೋ ಇಟ್ಟು ಪಾದವು ಎದೆಗಿಂತ ಎತ್ತರದಲ್ಲಿರುವಂತೆ ನೋಡಿಕೊಂಡರೆ ಬಾವು ಇಳಿಯುತ್ತದೆ.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರೆಯನ್ನೋ, ಹೊರಗೆ ಲೇಪಿಸುವ ಡೈಕ್ಲೋಫಿನಾಕ್ ಮುಲಾಮನ್ನೋ ಬಳಸಬಹುದು. ನುಂಗುವ ಇತರ ನೋವುನಿವಾರಕ ಮಾತ್ರೆಗಳನ್ನು ಮೂತ್ರಪಿಂಡದ ರೋಗಿಗಳೂ, ಹೊಟ್ಟೆಹುಣ್ಣುಳ್ಳವರೂ, ಗರ್ಭಿಣಿಯರೂ ವೈದ್ಯರನ್ನು ಕೇಳದೆ ಸೇವಿಸಕೂಡದು. ಬಿಸಿಲಿನಲ್ಲಿ ದುಡಿದು ಬೆವರಿ ಬಾಯಾರಿದ ಮೈಗೆ ಇಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಕೆಡುಕನ್ನುಂಟುಮಾಡಬಹುದು. ಯಾವ ಔಷಧವೆಂದು ತಿಳಿಯದೆ, ಬೇಗ ಗದ್ದೆಗಿಳಿಯಬೇಕೆಂಬ ಆತುರದಿಂದ ಸೂಜಿಮದ್ದನ್ನು ಹಾಕಿಸಿಕೊಳ್ಳುವುದು ಅಪಾಯಕರ. ನೋವು ಮುಚ್ಚಿಹೋಗುತ್ತದೆ, ನಾರು ಮಾತ್ರ ಹರಿದೇ ಇರುತ್ತದೆ.

ನೀವುವುದು, ಕಾಸುವುದು, ದಬ್ಬೆ ಕಟ್ಟುವುದು

ಉಳುಕನ್ನು ನೀವಿ ತೆಗೆಯುವುದು ಹಳ್ಳಿಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಆದರೆ ಮೊದಲ ಮೂರು ದಿನ ಹರಿದ ನಾರಿನಿಂದಲೂ ಸಣ್ಣ ರಕ್ತನಾಳಗಳಿಂದಲೂ ರಕ್ತ ಒಸರುತ್ತಿರುವಾಗ ಬಲವಾಗಿ ನೀವಿದರೆ ಆ ಒಸರು ಹೆಚ್ಚುತ್ತದೆ, ಬಾವು ಏರುತ್ತದೆ. ಎಲುಬು ಮುರಿದಿದ್ದರಂತೂ ನೀವಿಕೆಯಿಂದ ಮುರಿದ ತುಂಡುಗಳು ಸರಿದಾಡಿ ಅನಾಹುತವಾಗುತ್ತದೆ. ಬಿಸಿ ಎಣ್ಣೆ, ಬಿಸಿ ಇಟ್ಟಿಗೆ, ಉಪ್ಪಿನ ಗಂಟು ಇವುಗಳಿಂದ ಕಾಸುವುದಕ್ಕೂ ಇದೇ ಮಾತು ಸಲ್ಲುತ್ತದೆ. ಬಾವು ಇಳಿದ ಮೇಲೆ, ಬಿಗಿದುಕೊಂಡ ಮಾಂಸಖಂಡಗಳನ್ನು ಸಡಿಲಿಸಲು ಹದವಾದ ಶಾಖವೂ ಹಗುರವಾದ ನೀವಿಕೆಯೂ ಹಿತಕರ. ಹುಣಿಸೆಹಣ್ಣು ಉಪ್ಪುಗಳ ಲೇಪ, ಅರಿಸಿನದ ಲೇಪ ಇವುಗಳನ್ನು ಹಚ್ಚುವ ವಾಡಿಕೆಯುಂಟು. ಗಾಯವಿಲ್ಲದ ಚರ್ಮದ ಮೇಲೆ, ಸುಡದಷ್ಟು ಬಿಸಿಯಲ್ಲಿ ಹಚ್ಚಿದರೆ ಹೆಚ್ಚಿನ ಕೇಡಿಲ್ಲ. ಹರಿದ ನಾರನ್ನು ಅವು ಕೂಡಿಸುವುವೆಂದು ಮಾತ್ರ ನಂಬತಕ್ಕದ್ದಲ್ಲ.

ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿಸಿಕೊಂಡು ವಾರಗಟ್ಟಲೆ ಬಿಚ್ಚದಿರುವುದರಿಂದ ಬಹಳ ಎಚ್ಚರಿಕೆಯಿರಬೇಕು. ಒಳಗೆ ಬಾವು ಏರಿದಾಗ ಹೊರಗಿನ ಕಟ್ಟು ಹಿಗ್ಗುವುದಿಲ್ಲ. ರಕ್ತಸಂಚಾರ ನಿಂತು ಮಾಂಸವು ಕೊಳೆತು, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬಂದ ಪ್ರಸಂಗಗಳು ವೈದ್ಯರಿಗೆ ಅಪರಿಚಿತವಲ್ಲ. ಕಟ್ಟಿದ ಮೇಲೆ ನೋವು ಇಳಿಯಬೇಕೇ ಹೊರತು ಏರಬಾರದು. ಏರಿದರೆ, ಕಟ್ಟಿದವರು ಯಾರೇ ಆಗಿರಲಿ, ಆಗಲೇ ಬಿಚ್ಚಿಸತಕ್ಕದ್ದು.

ಅನಂತರದ ವಾರಗಳು: ಕೀಲಿಗೆ ಮತ್ತೆ ವಿದ್ಯೆ ಕಲಿಸುವುದು

ಹಿಂದೆ ಉಳುಕಿದ ಕಾಲನ್ನು ವಾರಗಟ್ಟಲೆ ಅಲುಗಿಸದೆ ಇಡುವ ಪದ್ಧತಿಯಿತ್ತು. ಸಾಧಾರಣ ಉಳುಕಿಗೆ ಅದು ಅನಗತ್ಯವೆಂದೂ, ಪಟ್ಟಿಯ ಆಧಾರದೊಡನೆ ಬೇಗ ಚಲಿಸತೊಡಗಿದವರು ಬೇಗ ಗುಣಹೊಂದುವರೆಂದೂ ಈಗ ಸಿದ್ಧಪಟ್ಟಿದೆ. ಕೂಡಿಕೊಳ್ಳುತ್ತಿರುವ ನಾರಿಗೆ ಹದವಾದ ಎಳೆತ ಬೇಕು. ಎಳೆತವಿಲ್ಲದೆ ಕೂಡಿದ ನಾರು ಬಲಹೀನವಾಗುತ್ತದೆ. ಹೀಗೆಂದು ಮೂರನೆಯ ದಿನವೇ ನೇಗಿಲು ಹಿಡಿಯಬೇಕೆಂದು ಅರ್ಥವಲ್ಲ. ನೋವು ಏರದಷ್ಟು ಮಿತಿಯಲ್ಲಿ ಮೊದಲು ಮನೆಯೊಳಗೆ, ಅನಂತರ ಅಂಗಳದಲ್ಲಿ, ಬಳಿಕ ಸಮವಾದ ದಾರಿಯಲ್ಲಿ ನಡೆಯುತ್ತ ಬರಬೇಕೆಂದು ತಾತ್ಪರ್ಯ.

ಈ ಕೆಳಗಿನ ವ್ಯಾಯಾಮಗಳಿಗೆ ಯಾವ ಸಲಕರಣೆಯೂ ಬೇಕಿಲ್ಲ. ದಿನಕ್ಕೆ ಎರಡು ಮೂರು ಬಾರಿ, ಒಮ್ಮೆಗೆ ಹತ್ತು ನಿಮಿಷ ಸಾಕು.

ಮೊದಲ ವಾರ: ಕುಳಿತುಕೊಂಡು ಪಾದವನ್ನು ಮೇಲಕ್ಕೂ ಕೆಳಕ್ಕೂ ಮೆಲ್ಲನೆ ಆಡಿಸುವುದು. ನೋವು ತಗ್ಗಿದಂತೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಗಳನ್ನು ಬರೆಯುವುದು. ಇದರಿಂದ ಕೀಲು ಎಲ್ಲ ದಿಕ್ಕುಗಳಿಗೂ ತಿರುಗುತ್ತದೆ.

ಎರಡನೆಯ ವಾರ: ಪಾದದ ಹೊರಅಂಚನ್ನು ಗೋಡೆಗೆ ತಾಗಿಸಿ ಹೊರಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಇದು ಉಳುಕನ್ನು ತಡೆಯುವ ಹೊರಬದಿಯ ಮಾಂಸಖಂಡಗಳಿಗೆ ಬಲ ಕೊಡುತ್ತದೆ. ಗೋಡೆಗೆ ಕೈಗಳನ್ನೂರಿ, ನೊಂದ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದೆತ್ತದೆ ಮುಂದೆ ಬಾಗಿ ಮೀನಖಂಡವನ್ನು ಎಳೆಯಗೊಡುವುದು. ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳಬೇಕಾದವರಿಗೆ ಈ ಎಳೆತವು ಅತ್ಯಗತ್ಯ. ಇಲ್ಲದಿದ್ದರೆ ಹರಡು ಬಿಗಿದು ಕೂರುವುದೇ ಕಷ್ಟವಾಗುತ್ತದೆ.

ಮೂರನೆಯ ವಾರದಿಂದ: ಕೊಟ್ಟಿಗೆಯ ಕಂಬವನ್ನು ಹಿಡಿದು ಎರಡು ಕಾಲುಗಳ ಬೆರಳತುದಿಗಳ ಮೇಲೆ ಏಳುವುದು, ಇಳಿಯುವುದು. ಅನಂತರ ನೊಂದ ಕಾಲೊಂದರ ಮೇಲೆಯೇ ನಿಲ್ಲುವುದು. ಮೊದಲು ಕಂಬ ಹಿಡಿದು, ಬಳಿಕ ಹಿಡಿಯದೆ, ಕೊನೆಗೆ ಕಣ್ಣು ಮುಚ್ಚಿ.

ಒಂಟಿಕಾಲಿನ ನಿಲುವು ಮಕ್ಕಳ ಆಟದಂತೆ ಕಂಡರೂ ಎಲ್ಲಕ್ಕಿಂತ ಮುಖ್ಯವಾದುದು ಅದೇ. ಕಟ್ಟುನಾರುಗಳು ಬರಿಯ ಹಗ್ಗಗಳಲ್ಲ. ಪಾದವು ಯಾವ ಕೋನದಲ್ಲಿದೆಯೆಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರಗಳು ಅವುಗಳಲ್ಲಿವೆ. ನಾರು ಹರಿದಾಗ ಈ ಸುದ್ದಿಯೂ ಕೆಡುತ್ತದೆ. ನೋವು ಹೋದ ಮೇಲೂ ಕಾಲು ಆಗಾಗ್ಗೆ ತಾನಾಗಿಯೇ ಮಗುಚುವುದಕ್ಕೆ ಇದೇ ಕಾರಣ. ಬೆಳೆಯುವ ಗಿಡಕ್ಕೆ ಊರೆಗೋಲು ಕೊಟ್ಟಂತೆ ನಾಲ್ಕಾರು ವಾರ ಈ ಅಭ್ಯಾಸವನ್ನು ನಡೆಸಿದರೆ ಮರು ಉಳುಕಿನ ಭಯ ಬಹುಮಟ್ಟಿಗೆ ತಗ್ಗುತ್ತದೆ.

ಭಾರದ ಕೆಲಸಕ್ಕೆ ಯಾವಾಗ ಹಿಂದಿರುಗಬಹುದು? ಸಮ ನೆಲದಲ್ಲಿ ಕುಂಟದೆ ಚುರುಕಾಗಿ ನಡೆಯಲು, ನೊಂದ ಕಾಲೊಂದರ ಮೇಲೆ ಅರ್ಧ ನಿಮಿಷ ನಿಲ್ಲಲು, ಅದೇ ಕಾಲಿನ ಬೆರಳತುದಿಯಲ್ಲಿ ಹತ್ತು ಸಲ ಏಳಲು, ನೋವಿಲ್ಲದೆ ಕುಕ್ಕರಿಸಲು ಸಾಧ್ಯವಾದರೆ ಹೊರೆ ಹೊರಬಹುದು. ಅದುವರೆಗೆ ಕುಳಿತು ಮಾಡುವ ಕೆಲಸಗಳನ್ನು, ಎಂದರೆ ಬೀಜ ಆರಿಸುವುದು, ಹಗ್ಗ ಹೊಸೆಯುವುದು, ಉಪಕರಣ ರಿಪೇರಿ, ಲೆಕ್ಕಪತ್ರ ಮೊದಲಾದುವನ್ನು ವಹಿಸಿಕೊಂಡು, ಉಳುಮೆಯನ್ನು ಮುಯ್ಯಾಳುಗಳಿಗೆ ಬಿಡುವುದು ಜಾಣತನ. ಮರವೇರುವ ಕೊನೆಗಾರರು ಇನ್ನೂ ಹೆಚ್ಚು ಕಾಯತಕ್ಕದ್ದು. ಅಡಕೆಮರದ ಮೇಲೆ ಕಾಲು ಮೋಸಮಾಡಿದರೆ ಹೋಗುವುದು ಹರಡೊಂದೇ ಅಲ್ಲ.

ಆರು ವಾರಗಳಾದರೂ ನೋವು ತಗ್ಗದಿದ್ದರೆ, ಅಥವಾ ಕಾಲು ಮತ್ತೆ ಮತ್ತೆ ಮಗುಚುತ್ತಿದ್ದರೆ ಎಲುಬಿನ ವೈದ್ಯರನ್ನು ಕಾಣಬೇಕು. ಕೀಲಿನೊಳಗಿನ ನುಣುಪು ಮೃದ್ವಸ್ಥಿಗೆ ಪೆಟ್ಟಾಗಿರುವುದು ಮೊದಲಿನ ಎಕ್ಸ್‌ರೇಯಲ್ಲಿ ಕಾಣದಿರಬಹುದು.

ಉಳುಕಲ್ಲದ ಹರಡು ನೋವುಗಳು

ಹರಡು ಬಾತುದೆಲ್ಲ ಉಳುಕಲ್ಲ. ಕಾಲು ಮಗುಚಿದ ನೆನಪೇ ಇಲ್ಲದೆ ನೋವು ಬಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಕತ್ತಲಲ್ಲಿಯೋ ಹುಲ್ಲಿನ ನಡುವೆಯೋ ಏನೋ ಚುಚ್ಚಿದಂತಾಗಿ ಹರಡು ಬಾಯತೊಡಗಿದರೆ ಹಾವಿನ ಕಡಿತವಿರಬಹುದೆಂದೇ ಭಾವಿಸತಕ್ಕದ್ದು. ಹಲ್ಲಿನ ಗುರುತು ಕಾಣಲೇಬೇಕೆಂದಿಲ್ಲ. ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಾಲನ್ನು ಅಲುಗಿಸದೆ, ರೋಗಿಯನ್ನು ನಡೆಸದೆ, ೧೦೮ಕ್ಕೆ ಕರೆಮಾಡಿ ವಿಷಹರ ಚುಚ್ಚುಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕು.

ಜ್ವರದೊಡನೆ ಎರಡು ಹರಡುಗಳೂ ಮಣಿಕಟ್ಟುಗಳೂ ಏಕಕಾಲದಲ್ಲಿ ನೋಯತೊಡಗಿದರೆ ಚಿಕೂನ್‌ಗುನ್ಯಾ ಜ್ವರವಿರಬಹುದು. ೨೦೦೬ರಲ್ಲಿ ಈ ರೋಗವು ಕರ್ನಾಟಕದ ಹಳ್ಳಿಗಳಲ್ಲಿ ಲಕ್ಷಾಂತರ ಜನರನ್ನು ಹಾಸಿಗೆ ಹಿಡಿಸಿತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಹರಡು ನೋವಿನಿಂದ ಹೊಲಕ್ಕೆ ಹೋಗಲಾಗದವರು ಅನೇಕರಿದ್ದರು. ಈ ಜ್ವರವನ್ನು ಹರಡುವ ಸೊಳ್ಳೆಯು ತೊಟ್ಟಿ, ಒಡೆದ ಮಡಕೆ, ಹಳೆಯ ಟೈರು, ತೆಂಗಿನ ಕರಟ ಇವುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುವುದು. ಡೆಂಗ್ಯೂ ಅಲ್ಲವೆಂದು ವೈದ್ಯರು ಹೇಳುವವರೆಗೆ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆಗಳನ್ನು ತೆಗೆದುಕೊಳ್ಳಕೂಡದು.

ಒಂದೇ ಹರಡು ಬಾತು, ಕೆಂಪಾಗಿ, ಮುಟ್ಟಗೊಡದೆ, ಚಳಿಜ್ವರವೂ ಇದ್ದರೆ ಕೀಲಿನೊಳಗೆ ಕೀವಾಗಿರಬಹುದು. ಒಂದೆರಡು ದಿನಗಳ ವಿಳಂಬವೂ ಕೀಲನ್ನು ಹಾಳುಮಾಡುವುದರಿಂದ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲದೆ ನಡುರಾತ್ರಿ ಹೀಗೆ ಥಟ್ಟನೆ ಕೆಂಪೇರಿ, ಹಿಂದೆ ಹೆಬ್ಬೆರಳಿನಲ್ಲಿಯೂ ಇಂಥದೇ ನೋವು ಬಂದು ಹೋಗಿದ್ದರೆ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಬರುವ ಗೌಟ್ ಎಂಬ ವಾತವಿರಬಹುದು; ಇದಕ್ಕೆ ಒಳ್ಳೆಯ ಔಷಧಗಳುಂಟು.

ಈಚಲು, ಜಾಲಿ ಮೊದಲಾದುವುಗಳ ಮುಳ್ಳು ಹರಡಿನ ಬಳಿ ನೆಟ್ಟು ತುದಿ ಒಳಗೆ ಮುರಿದುಳಿದರೆ, ಹೊರಗಿನ ಗಾಯ ಮಾಯ್ದ ಮೇಲೂ ಕೀಲು ವಾರಗಟ್ಟಲೆ ಬಾಯುವುದುಂಟು. ಗಿಡದ ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಮುಳ್ಳು ಚುಚ್ಚಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮಣ್ಣು ಸಗಣಿಗಳ ನಡುವೆ ಆದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳತಕ್ಕದ್ದು.

ಹೆಜ್ಜೆ ಕಿತ್ತಿಡುವಾಗ ಹಿಮ್ಮಡಿಯ ಮೇಲ್ಭಾಗಕ್ಕೆ ಯಾರೋ ದೊಣ್ಣೆಯಿಂದ ಹೊಡೆದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದು, ಬಳಿಕ ಬೆರಳತುದಿಯಲ್ಲಿ ನಿಲ್ಲಲಾಗದಿದ್ದರೆ ಹಿಮ್ಮಡಿಯ ದೊಡ್ಡ ಸ್ನಾಯುರಜ್ಜು ಹರಿದಿರುತ್ತದೆ. ಇದಕ್ಕೆ ಶೀಘ್ರವಾಗಿ ಚಿಕಿತ್ಸೆಯಾಗಬೇಕು.

ಬಹಳ ಕಾಲದಿಂದ ಮಧುಮೇಹವುಳ್ಳವರ ಹರಡು ಹೆಚ್ಚು ನೋವಿಲ್ಲದೆಯೇ ಬಾತು ಬೆಚ್ಚಗಾದರೆ ಅದನ್ನು ಲಘುವಾಗಿ ಎಣಿಸಕೂಡದು. ನರಗಳು ಮರಗಟ್ಟಿರುವುದರಿಂದ ಒಳಗೆ ಎಲುಬುಗಳು ಪುಡಿಯಾಗುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ. ಅಂಥವರು ಕಾಲೂರುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಉಳುಕನ್ನು ತಡೆಯುವ ಬಗೆ

ಬೇಸಾಯದ ಒಳ್ಳೆಯ ಪದ್ಧತಿಗಳೇ ಹರಡಿಗೂ ರಕ್ಷಣೆ ಕೊಡುತ್ತವೆಂಬುದು ಗಮನಾರ್ಹ. ಗದ್ದೆಯ ಬದುಗಳನ್ನು ಪ್ರತಿವರ್ಷವೂ ಕೆತ್ತಿ, ಏಡಿ ಇಲಿಗಳ ಬಿಲಗಳನ್ನು ಮುಚ್ಚಿ ಮೆತ್ತಿದರೆ ನೀರು ಸೋರುವುದೂ ನಿಲ್ಲುತ್ತದೆ, ಕಾಲು ಕುಸಿಯುವುದೂ ತಪ್ಪುತ್ತದೆ. ಹದದಲ್ಲಿ ಉತ್ತು ಹೆಂಟೆಯೊಡೆದ ಹೊಲದಲ್ಲಿ ಬೀಜವೂ ಸಮನಾಗಿ ಮೊಳೆಯುತ್ತದೆ, ನಡೆಯುವವನಿಗೂ ಸುರಕ್ಷಿತ. ಎತ್ತರದ ಬದುಗಳಲ್ಲಿ ಹತ್ತಿ ಇಳಿಯುವ ಜಾಗವನ್ನು ಗೊತ್ತುಮಾಡಿ ಕಲ್ಲಿನ ಮೆಟ್ಟಿಲುಗಳನ್ನಿಟ್ಟರೆ ಧುಮುಕುವ ಪ್ರಮೇಯವಿಲ್ಲ, ಬದುವೂ ಜರಿಯದು.

ಹಿಂಬದಿಯಲ್ಲಿ ಪಟ್ಟಿಯಿಲ್ಲದ ಹಗುರ ರಬ್ಬರು ಚಪ್ಪಲಿಯು ತೋಟದ ಕೆಲಸಕ್ಕೆ ಯೋಗ್ಯವಲ್ಲ. ಹಿಮ್ಮಡಿಯನ್ನು ಬಿಗಿಯುವ ಪಟ್ಟಿಯುಳ್ಳ ಮೆಟ್ಟು ಉತ್ತಮ. ರಾತ್ರಿ ನೀರು ಕಟ್ಟಲು ಹೋಗುವವರು ಬ್ಯಾಟರಿ ದೀಪವನ್ನೂ ಕೋಲನ್ನೂ ಮರೆಯಕೂಡದು. ಇವು ಹಾವಿನಿಂದಲೂ ಉಳುಕಿನಿಂದಲೂ ಕಾಪಾಡುತ್ತವೆ. ಒಂದು ದೊಡ್ಡ ಹೊರೆಗಿಂತ ಎರಡು ಚಿಕ್ಕ ಹೊರೆಗಳು ಮೇಲು. ದಿನದ ಕೊನೆಯ ಹೊರೆ ದಣಿದ ಕಾಲಿನ ಮೇಲೆ ಬೀಳುವುದರಿಂದ ಅದು ಎಲ್ಲಕ್ಕಿಂತ ಹಗುರವಾಗಿರಬೇಕು. ಮನೆಯ ಹೆಂಗಸರು ನಾಟಿಯ ಕೆಲಸವನ್ನು ಮುಗಿಸಿ ಸಂಜೆ ಹುಲ್ಲಿನ ಹೊರೆಯನ್ನೂ ಹೊತ್ತು ಬರುವುದು ಸಾಮಾನ್ಯವಾದುದರಿಂದ ಈ ಮಾತು ಅವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆವಾರ್ತೆ ನಿಲ್ಲುವುದೆಂಬ ಸಂಕೋಚದಿಂದ ತಮ್ಮ ಕಾಲುನೋವನ್ನು ಅವರು ಮರೆಮಾಚುವುದೂ ಉಂಟು. ಮನೆಯ ಉಳಿದವರು ಅದನ್ನು ಗಮನಿಸಿ ವಿಶ್ರಾಂತಿ ಕೊಡಿಸುವುದು ಕರ್ತವ್ಯ.

ಮುಂಗಾರಿನ ಹದಕ್ಕೆ ಕಾಯುವವನಿಗೆ ಮೂರು ವಾರಗಳ ವಿರಾಮವು ದುಬಾರಿಯೆಂದು ತೋರುವುದು ಸಹಜ. ಆದರೆ ಒಂದು ಹದ ತಪ್ಪಿದರೆ ಮುಯ್ಯಾಳುಗಳಿಂದಲೋ, ಬಾಡಿಗೆಯ ಯಂತ್ರದಿಂದಲೋ, ತಡವಾಗಿ ಬಿತ್ತುವ ತಳಿಯಿಂದಲೋ ಅದನ್ನು ಸ್ವಲ್ಪವಾದರೂ ತುಂಬಿಕೊಳ್ಳಬಹುದು. ಕೀಲು ಕೆಟ್ಟರೆ ತುಂಬಿಕೊಡುವವರಿಲ್ಲ. ಕುಂಟುವ ಎತ್ತಿನ ನೊಗವಿಳಿಸುವ ಒಕ್ಕಲಿಗನು ಆ ದಯೆಯನ್ನೂ ಆ ಲೆಕ್ಕವನ್ನೂ ತನ್ನ ಕಾಲಿಗೂ ತೋರಿಸಿದರೆ ಇಳಿವಯಸ್ಸಿನಲ್ಲಿಯೂ ತನ್ನ ಬದುವಿನ ಮೇಲೆ ಕೋಲಿಲ್ಲದೆ ನಡೆಯಬಲ್ಲನು.